"ಫುಲ್ ಪಿಂಪ್ ಮಾಡ್ಸಿದ್ದೀನಿ ಅಣ್ಣ": ಪೇಂಟ್‌ಬಾಲ್ ಮಾರ್ಕರ್‌ಗೆ ಈ ಭಾಷೆ ಯಾಕೆ ಮಾರ್ರೆ?

ಹೊಸನಗರದ ದೋಟಿ · ಸೋಮವಾರ ರಾತ್ರಿ 9:10

ಒಬ್ಬರ ಮೇಲೊಬ್ಬರು ಬಣ್ಣದ ಗೋಲಿ ಹೊಡೆದು ಔಟ್ ಮಾಡುವ ಪೇಂಟ್‌ಬಾಲ್ ಆಡುವವರಿಗೆ ಒಂದು ಪ್ರಶ್ನೆ. ಬೇಜಾರು ಅಂತಲೇ ಅಂದುಕೊಳ್ಳಿ.

ನಿನ್ನೆ ತೀರ್ಥಹಳ್ಳಿ ಕಡೆ ಪರಿಚಯದವರ ತೋಟದ ಮೇಲಿನ ಬ್ಯಾಣದಲ್ಲಿ ಆಟ ಇಟ್ಟುಕೊಂಡಿದ್ದೆವು. ಹದಿನಾಲ್ಕು ಜನ. ಆಟ ಚೆನ್ನಾಗೇ ಆಯಿತು. ನನ್ನ ತಲೆ ಕೆಟ್ಟಿದ್ದು ಆಟಕ್ಕೆ ಮುಂಚೆ. ಶಿವಮೊಗ್ಗದಿಂದ ಬಂದ ಒಬ್ಬ ಹುಡುಗ ಬ್ಯಾಗಿನಿಂದ ತನ್ನ ಮಾರ್ಕರ್, ಅಂದರೆ ಗೋಲಿ ಹಾರಿಸುವ ಬಂದೂಕು, ತೆಗೆದು ಜಗಲಿ ಮೇಲೆ ಇಟ್ಟ. "ನೋಡಿ ಅಣ್ಣ, ಫುಲ್ ಪಿಂಪ್ ಮಾಡ್ಸಿದ್ದೀನಿ" ಅಂದ. ಅಲ್ಲೇ ಮನೆಯ ಅಜ್ಜ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿದವರು. "ಏನು ಮಾಡಿಸಿದ್ದೀಯಪ್ಪ?" ಅಂತ ಕೇಳಿದರು. ಹುಡುಗ ಇನ್ನೂ ಜೋರಾಗಿ ಅದನ್ನೇ ಹೇಳಿದ. ಅಜ್ಜ ನಿಧಾನ ಎದ್ದು ಹೋಗಿ, ಅಂಗಳದಾಚೆ ಉಗಿದು ಬಂದು, "ನಮ್ಮ ಕಾಲದಲ್ಲಿ ಅದಕ್ಕೆ ತಲೆಹಿಡುಕ ಅಂತಿದ್ರು. ಈಗ ಬಂದೂಕಿಗೂ ಆ ಕೆಲಸ ಹಚ್ಚಿದ್ದೀರಾ?" ಅಂದರು.

ಎಲ್ಲರೂ ನಕ್ಕೆವು. ಹುಡುಗನಿಗೆ ಅರ್ಥ ಆಗಲಿಲ್ಲ. ಅವನ ಲೆಕ್ಕದಲ್ಲಿ ಪಿಂಪ್ ಅಂದರೆ ಸಿಂಗಾರ ಮಾಡಿಸಿದ್ದು.

ಆಮೇಲೆ ನಾನೇ ಕೇಳಿದೆ. ಏನೇನು ಬದಲಾಯಿಸಿದ್ದೀಯ ತಮ್ಮ? "ಸಿಕ್ ಆಗಿದೆ ಅಣ್ಣ." ಬ್ಯಾರೆಲ್ ಯಾವುದು? "ಬೀಸ್ಟ್ ಅಣ್ಣ ಬೀಸ್ಟ್." ಟ್ರಿಗರ್ ಮುಟ್ಟಿದ್ದೀಯಾ? "ಎಲ್ಲಾ ಕಸ್ಟಮ್." ಕೈಗೆ ತೆಗೆದುಕೊಂಡು ನೋಡಿದೆ. ಟಿಪ್‌ಮನ್ 98 ಕಸ್ಟಮ್. ಅದು ಕಂಪನಿಯವರು ಇಟ್ಟ ಮಾಡೆಲ್ ಹೆಸರು! ಫ್ಯಾಕ್ಟರಿಯಿಂದ ಹೊರಗೆ ಬೀಳುವಾಗಲೇ ಅದು ಕಸ್ಟಮ್. ಈ ಹುಡುಗ ಮಾಡಿಸಿದ್ದು ಇಷ್ಟೇ: ಎರಡು ಸ್ಟಿಕ್ಕರ್, ಹಿಡಿಗೆ ಶಟಲ್ ಬ್ಯಾಟಿಗೆ ಸುತ್ತುವ ಕೆಂಪು ಟೇಪು, ಮತ್ತೆ ಒಂದು ಉದ್ದ ಬ್ಯಾರೆಲ್.

ಸ್ಟಿಕ್ಕರ್ ಹಚ್ಚಿದ್ದಕ್ಕೆ ನನ್ನ ತಕರಾರಿಲ್ಲ. ನನ್ನ ಮಾರ್ಕರ್ ಮೇಲೂ ಒಂದು ಹಳೇ ಗಣಪತಿ ಇದ್ದಾನೆ. ತಕರಾರು ಇರುವುದು ಮಾತಿನ ಬಗ್ಗೆ. ಐದು ನಿಮಿಷ ಮಾತಾಡಿದರೂ ಆ ಸಾಮಾನಿನ ಬಗ್ಗೆ ನನಗೆ ಒಂದಕ್ಷರ ತಿಳಿಯಲಿಲ್ಲ. ಪಿಂಪ್ಡ್, ಸಿಕ್, ಬೀಸ್ಟ್, ಗ್ಯಾಟ್, ಕಿಲ್ಲರ್, ಟ್ರಿಕ್ಡ್ ಔಟ್. ನಿಮಗೆ ಯಾವುದು ಕಿವಿಗೆ ಜಾಸ್ತಿ ಚುಚ್ಚುತ್ತದೆ? ನನಗೊಬ್ಬನಿಗೇ ವಯಸ್ಸಾಯಿತಾ?

ಬುರುಡೆ ಭಟ್ರು · 9:22

ವಯಸ್ಸಾಗಿದೆ. ಅದು ಬೇರೆ ವಿಷಯ.

ನನ್ನ ತಲೆನೋವು "ಸಿಕ್". ನಮ್ಮನೆಯಲ್ಲಿ ಫೋನಲ್ಲಿ ಯಾರಿಗೋ "ನಿನ್ನ ಮಾರ್ಕರ್ ಸಿಕ್ ಆಗಿದೆ ಕಣೋ" ಅಂದೆ. ಅಮ್ಮ ಒಳಗಿನಿಂದ "ಯಾರಿಗೆ ಹುಷಾರಿಲ್ಲ? ಕಷಾಯ ಮಾಡ್ಲಾ?" ಅಂದರು. ಅವತ್ತಿಂದ ಬಿಟ್ಟಿದ್ದೇನೆ.

ಕೊಪ್ಪದ ಕಾಫಿಗಿಡ · 9:41

ನನಗೆ "ಗ್ಯಾಟ್" ಕೇಳಿದರೆ ಮೈ ಉರಿಯುತ್ತದೆ. ಅದು ಗ್ಯಾಟ್ಲಿಂಗ್ ಅನ್ನುವುದರ ತುಂಡು. 1862ರಲ್ಲಿ ಪೇಟೆಂಟ್ ಆದ, ಹಿಡಿ ತಿರುಗಿಸಿ ಗುಂಡು ಸುರಿಸುವ ಯುದ್ಧದ ಯಂತ್ರ. ಆಮೇಲೆ ಅಮೆರಿಕದ ರೌಡಿಗಳ ಬಾಯಲ್ಲಿ ಪಿಸ್ತೂಲಿಗೆ ಹೆಸರಾಯಿತು. ಅದನ್ನು ತಂದು ಬಣ್ಣದ ಗೋಲಿ ಹಾರಿಸುವ ಸಾಮಾನಿಗೆ ಅಂಟಿಸಿದ್ದಾರೆ.

ನಿಜ ಹೇಳಬೇಕು ಅಂದರೆ ಈ ಸಾಮಾನು ಹುಟ್ಟಿದ್ದು ನಮ್ಮಂಥ ಕಾಡು, ತೋಟದ ಜನರಿಗಾಗಿ. ಅಮೆರಿಕದಲ್ಲಿ ನೆಲ್ಸನ್ ಅನ್ನುವ ಬಣ್ಣದ ಕಂಪನಿ ಇತ್ತು. ಕಡಿಯಬೇಕಾದ ಮರಕ್ಕೆ ಗುರುತು ಹಾಕುವವರಿಗೆ ಅವರು ಬಣ್ಣ ಮಾರುತ್ತಿದ್ದರು. ಹೊಳೆಯಾಚೆ ಇರುವ ಮರದ ಹತ್ತಿರ ಪ್ರತಿ ಸಲ ನಡೆದು ಹೋಗುವುದು ಕಷ್ಟ. ದನಗಳಿಗೂ ದೂರದಿಂದಲೇ ಗುರುತು ಹಾಕಬೇಕಿತ್ತು. ಅದಕ್ಕೆ ಡೈಸಿ ಅನ್ನುವ ಏರ್‌ಗನ್ ಕಂಪನಿ ಮಾಡಿಕೊಟ್ಟಿದ್ದು ನೆಲ್‌ಸ್ಪಾಟ್ 007. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಹತ್ತಿರ ಹನ್ನೆರಡು ಜನ ಅದನ್ನು ಹಿಡಿದು ಕಾಡಿಗೆ ಇಳಿದರು. ಬಾವುಟ ಹುಡುಕುವ ಆಟ. ಗೆದ್ದವನು ಕಾಡಿನ ಕೆಲಸ ಗೊತ್ತಿದ್ದವನು. ಒಂದು ಗೋಲಿಯನ್ನೂ ಹೊಡೆಯಲಿಲ್ಲ. ಸುಮ್ನೆ ಸದ್ದಿಲ್ಲದೆ ನಡೆದು ಬಾವುಟ ಎಲ್ಲ ಎತ್ತಿಕೊಂಡು ಬಂದ.

ಆದ್ದರಿಂದ "ಮಾರ್ಕರ್" ಅನ್ನುವುದು ನಾಜೂಕಿಗೆ ಇಟ್ಟ ಹೆಸರಲ್ಲ. ಅದು ಮಾಡುತ್ತಿದ್ದ ಕೆಲಸವೇ ಅದು. ನಮ್ಮ ಫಾರೆಸ್ಟ್‌ನವರು ಮರಕ್ಕೆ ಮಾರ್ಕಿಂಗ್ ಹಾಕುತ್ತಾರಲ್ಲ, ಅದೇ ಮಾರ್ಕಿಂಗ್.

ಬುರುಡೆ ಭಟ್ರು · 9:44

ಒಂದೂ ಹೊಡೆಯದೆ ಗೆದ್ದವನ ಕೈಯಲ್ಲಿದ್ದದ್ದು ಪಿಂಪ್ಡಾ, ಸಾದಾ?

ಕೊಪ್ಪದ ಕಾಫಿಗಿಡ · 9:47

ಸಾದಾ ಭಟ್ರೇ. ಪ್ರತಿ ಹೊಡೆತಕ್ಕೂ ಕೈಯಲ್ಲೇ ಎಳೆದು ಕಾಕ್ ಮಾಡಬೇಕಿತ್ತು. ಬಣ್ಣವೂ ಎಣ್ಣೆಯದು. ಬಟ್ಟೆಗೆ ಬಿದ್ದರೆ ಟರ್ಪೆಂಟೈನ್ ಹಾಕಿ ಉಜ್ಜಬೇಕಿತ್ತು. ನೀರಲ್ಲಿ ಹೋಗುವ ಬಣ್ಣ ಆಮೇಲೆ ಬಂದದ್ದು.

ವಿನೋಬನಗರ ವಿಕ್ಕಿ · 10:15

ಆ ಹುಡುಗ ನಾನೇ.

ಅಣ್ಣ, ಅವತ್ತು ನಕ್ಕಿದ್ದು ಸಾಲದು ಅಂತ ಇಲ್ಲಿ ತಂದು ಹಾಕಿದ್ದೀರಾ? ಇರಲಿ. ಒಂದು ಕೇಳುತ್ತೇನೆ. ನಿಮ್ಮ ಕಾಲದಲ್ಲಿ ಆರ್‌ಎಕ್ಸ್ 100 ಇಟ್ಟುಕೊಂಡು ನೆಹರೂ ರೋಡಲ್ಲಿ ಮೆರೆದವರು ಯಾರು? "ಸೌಂಡ್ ಎತ್ತಿಸಿದ್ದೀನಿ", "ಆಲ್ಟರ್ ಮಾಡ್ಸಿದ್ದೀನಿ", "ಖದರ್ ನೋಡು" ಅಂತ ಹೇಳಿಕೊಂಡು ತಿರುಗಲಿಲ್ವಾ? ನೀವು ಹೇಳಿದರೆ ಶೋಕಿ, ನಾವು ಹೇಳಿದರೆ ತಲೆಹಿಡುಕತನವಾ?

ಮತ್ತೆ ನಾನು ಆಟ ಕಲಿತದ್ದು ಯೂಟ್ಯೂಬಲ್ಲಿ. ಅಲ್ಲಿ ಅವರು ಹೇಗೆ ಮಾತಾಡುತ್ತಾರೋ ಹಾಗೆ ಮಾತಾಡುತ್ತೇನೆ. ಕನ್ನಡದಲ್ಲಿ ಯಾರು ಹೇಳಿಕೊಟ್ಟಿದ್ದಾರೆ ತೋರಿಸಿ.

ಹೊಸನಗರದ ದೋಟಿ · 10:38

ವಿಕ್ಕಿ, ಮೊದಲು ಕ್ಷಮೆ ಕೇಳುತ್ತೇನೆ. ನೀನು ಈ ಕಟ್ಟೆಯಲ್ಲಿದ್ದೀಯ ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ಸ್ವಲ್ಪ ಮೆತ್ತಗೆ ಬರೆಯುತ್ತಿದ್ದೆ. ಬರೆಯದೇ ಇರುತ್ತಿರಲಿಲ್ಲ.

ಆರ್‌ಎಕ್ಸ್ 100 ವಿಷಯ ಒಪ್ಪಿದೆ. ನಾನೂ ಮೆರೆದವನೇ. ಆದರೆ ಒಂದು ವ್ಯತ್ಯಾಸ ನೋಡು. ನಾವು "ಸೈಲೆನ್ಸರ್ ಕೊಯ್ಸಿದ್ದೀನಿ" ಅನ್ನುತ್ತಿದ್ದೆವು. "ಹೆಡ್ ಬೋರ್ ಮಾಡ್ಸಿದೀನಿ" ಅನ್ನುತ್ತಿದ್ದೆವು. ಕೇಳಿದವನಿಗೆ ಯಾವ ಸಾಮಾನು, ಏನು ಮಾಡಿಸಿದ್ದು ಅಂತ ತಿಳಿಯುತ್ತಿತ್ತು. ಬೈಯಲೂ ಬರುತ್ತಿತ್ತು. "ಸಿಕ್" ಅಂದರೆ ಬೈಯುವುದಕ್ಕೂ ಏನೂ ಸಿಗುವುದಿಲ್ಲ.

ಕನ್ನಡದಲ್ಲಿ ಯಾರೂ ಹೇಳಿಕೊಟ್ಟಿಲ್ಲ ಅನ್ನುವ ಮಾತು ಮಾತ್ರ ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಸೀಟಿ ಮಾಮ · 11:05

ನಾನು ವಾರಾಂತ್ಯದಲ್ಲಿ ಒಂದು ಹೋಂಸ್ಟೇ ಮೈದಾನದಲ್ಲಿ ರೆಫ್ರಿ ಕೆಲಸ ಮಾಡುತ್ತೇನೆ. ಕಿವಿಗೆ ಚುಚ್ಚುವುದು ಹಾಗಿರಲಿ, ಕೆಲವು ಪದ ನಿಜಕ್ಕೂ ಅಪಾಯ.

"ಹಾಟ್" ತೆಗೆದುಕೊಳ್ಳಿ. ಈ ಆಟದಲ್ಲಿ ಅದಕ್ಕೆ ಒಂದೇ ಅರ್ಥ. ಮಿತಿಗಿಂತ ಜಾಸ್ತಿ ವೇಗದಲ್ಲಿ ಗೋಲಿ ಹೋಗುತ್ತಿದೆ ಅಂತ. ಸಾಮಾನ್ಯವಾಗಿ ಮಿತಿ ಸೆಕೆಂಡಿಗೆ 300 ಅಡಿ. ಲೆಕ್ಕ ಹಾಕಿದರೆ ಗಂಟೆಗೆ 330 ಕಿಲೋಮೀಟರ್ ಹತ್ತಿರ. ನಾವು 280ಕ್ಕೆ ಇಡುತ್ತೇವೆ, ಹೊಸಬರೇ ಜಾಸ್ತಿ ಬರುವುದರಿಂದ. ಆಟಕ್ಕೆ ಮುಂಚೆ ಕ್ರೋನೋ, ಅಂದರೆ ಗೋಲಿಯ ವೇಗ ಅಳೆಯುವ ಯಂತ್ರ, ಹಿಡಿದು ಪ್ರತಿ ಮಾರ್ಕರ್ ಅಳೆಯುತ್ತೇವೆ.

ಕಳೆದ ತಿಂಗಳು ಒಬ್ಬ ಹುಡುಗ ಆಟದ ಮಧ್ಯೆ "ಗುರೂ, ನಂದು ಸಖತ್ ಹಾಟ್ ಆಗಿದೆ ಇವತ್ತು" ಅಂತ ಕೂಗಿದ. ಅಷ್ಟು ಕೇಳಿದ್ದೇ ಸೀಟಿ ಊದಿ ಆಟ ನಿಲ್ಲಿಸಿದೆ. ಅವನನ್ನು ಹೊರಗೆ ಕರೆದು ಕ್ರೋನೋಗೆ ಹಿಡಿದರೆ 271. ಪಾಪ, ಅವನು ಹೇಳಿದ್ದು ಹೊಸ ನೀಲಿ ಬ್ಯಾರೆಲ್ ಬಗ್ಗೆ. ಎಲ್ಲರೂ ನನಗೆ ಬೈದರು. ಆದರೆ ಮುಂದಿನ ಸಲವೂ ಆ ಪದ ಕೇಳಿದರೆ ನಿಲ್ಲಿಸುತ್ತೇನೆ. ಕಣ್ಣಿನ ವಿಷಯ. ಮಾಸ್ಕ್ ಜಾರಿದ ಹೊತ್ತಿಗೆ ಒಂದು ಬಿದ್ದರೆ ಮುಗಿಯಿತು.

ಎರಡನೆಯದು "ಗನ್". ನಮ್ಮ ಕಡೆ ಮನೆ ಮನೆಯಲ್ಲಿ ತೋಟದ ಕೋವಿ ಇದೆ. ಮಂಗ, ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಇರುವ ಕೋವಿ. ಎಲೆಕ್ಷನ್ ಬಂದರೆ ಅದನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಅಂಥ ಒಂದು ಎಲೆಕ್ಷನ್ ಹೊತ್ತಲ್ಲಿ ನಮ್ಮ ಟೀಮಿನ ಒಬ್ಬ ಟೀ ಅಂಗಡಿಯಲ್ಲಿ ಕೂತು ಫೋನಲ್ಲಿ "ಹೊಸ ಗನ್ ಬಂದಿದೆ, ಫುಲ್ ಲೋಡೆಡ್, ಭಾನುವಾರ ಹೊಡೆಯೋಣ" ಅಂದಿದ್ದಾನೆ. ಸಂಜೆ ಬೀಟ್ ಪೊಲೀಸ್ ಮನೆ ಬಾಗಿಲಿಗೆ. "ಫುಲ್ ಲೋಡೆಡ್" ಅಂದರೆ ಎಕ್ಸ್‌ಟ್ರಾ ಸಾಮಾನೆಲ್ಲ ಹಾಕಿಸಿದ್ದು ಅಂತ ವಿವರಿಸುವಷ್ಟರಲ್ಲಿ ಅವನ ಅಪ್ಪನಿಗೆ ಬಿಪಿ ಏರಿತ್ತು.

ಉಂಬಳ · 11:20

ಆಗುಂಬೆಯಿಂದ ಒಂದು ಮಾತು.

ಈ ಕಡೆ ಮಾರ್ಕರ್‌ಗೆ ಏನೇ ಹಾಕಿಸಿ, ಎಷ್ಟೇ ದುಡ್ಡು ಸುರಿಯಿರಿ, ಗೋಲಿ ಊದಿಕೊಂಡರೆ ಎಲ್ಲ ಹೊಳೆಗೆ. ಗೋಲಿಯ ಸಿಪ್ಪೆ ಜೆಲಟಿನ್. ಔಷಧಿ ಕ್ಯಾಪ್ಸೂಲ್ ಥರ. ಗಾಳಿಯಲ್ಲಿನ ಪಸೆ ಎಳೆದುಕೊಂಡು ದಪ್ಪ ಆಗುತ್ತದೆ, ಮೆತ್ತಗಾಗುತ್ತದೆ. ನಮ್ಮಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮಳೆ. ಜೂನ್ ಕೊನೆಯಲ್ಲಿ ಚೀಲ ಬಿಚ್ಚಿ ಬಿಟ್ಟರೆ ಎರಡು ದಿನಕ್ಕೆ ಗೋಲಿ ಇಡ್ಲಿ ಆಗಿರುತ್ತದೆ. ಬ್ಯಾರೆಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಒಳಗೇ ಒಡೆಯುತ್ತದೆ.

ನನ್ನ "ಮಾಡ್", ಅಂದರೆ ಮಾಡಿಸಿದ ಬದಲಾವಣೆ, ಏನು ಗೊತ್ತಾ? ಅಮ್ಮನ ಹಪ್ಪಳದ ಡಬ್ಬ. ಬಾಯಿಗೆ ರಬ್ಬರ್ ಇರುವುದು. ಒಳಗೆ ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು. ವಾರಕ್ಕೊಮ್ಮೆ ಡಬ್ಬ ಮಗುಚಿ ಇಡುತ್ತೇನೆ. ಇಲ್ಲದಿದ್ದರೆ ಅಡಿಯ ಗೋಲಿ ಚಪ್ಪಟೆಯಾಗುತ್ತದೆ. ಇದಕ್ಕೆ ಯಾರೂ ಇಲ್ಲಿತನಕ "ಸಿಕ್ ಬ್ರೋ" ಅಂದಿಲ್ಲ.

ಸಾಗರದ ಚಿತ್ತಾರ · ಮಂಗಳವಾರ ಬೆಳಿಗ್ಗೆ 7:30

ರಾತ್ರಿ ಎಲ್ಲ ಓದಿದೆ. ನನ್ನದೂ ಒಂದು ಕಥೆ ಇದೆ. ಸ್ವಲ್ಪ ಉದ್ದ.

ನನ್ನ ಹಾಪರ್, ಅಂದರೆ ಮಾರ್ಕರ್ ಮೇಲೆ ಕೂರುವ ಗೋಲಿ ಡಬ್ಬ, ಅದರ ಮೇಲೆ ಹಸೆ ಚಿತ್ತಾರ ಬರೆದಿದ್ದೇನೆ. ನಮ್ಮ ಅಜ್ಜಿ ಮದುವೆ ಮನೆಗೆಲ್ಲ ಹೋಗಿ ಗೋಡೆಗೆ ಚಿತ್ತಾರ ಬರೆಯುತ್ತಿದ್ದವರು. ಅವರದು ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ನನ್ನದು ಪ್ಲಾಸ್ಟಿಕ್ ಹಾಪರ್. ಅದರ ಮೇಲೆ ಅಕ್ಕಿ ಹಿಟ್ಟು ನಿಲ್ಲುವುದಿಲ್ಲ. ಅದಕ್ಕೆ ನೀರು ಹಾಕಿ ಮರಳು ಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಇಟ್ಟಿಗೆ ಕೆಂಪು ಬಳಿದು, ಅಕ್ರಿಲಿಕ್ ಬಿಳಿಯಲ್ಲಿ ಎಳೆ ಎಳೆದೆ. ಕುಂಚ ಮಾತ್ರ ಅಜ್ಜಿ ಕೊಟ್ಟ ಪುಂಡಿ ನಾರಿನದೇ. ಉರುಟು ಮೈ ಮೇಲೆ ನೇರ ಗೆರೆ ಎಳೆಯುವುದು ಎಷ್ಟು ಕಷ್ಟ ಅಂತ ಬರೆದವರಿಗೇ ಗೊತ್ತು. ಹನ್ನೊಂದು ಸಂಜೆ ಬೇಕಾಯಿತು. ಮೇಲೆ ಎರಡು ಕೋಟ್ ಕ್ಲಿಯರ್.

ಫೋಟೋ ಹಾಕಿದೆ. ಮೊದಲ ಕಮೆಂಟ್: "ಪಿಂಪ್ಡ್ ಔಟ್ ಹಾಪರ್ ಸಿಸ್, ಸಿಕ್ಕಾಪಟ್ಟೆ ಸಿಕ್."

ಅಜ್ಜಿ ಪಕ್ಕದಲ್ಲೇ ಕೂತಿದ್ದರು. "ಎಂತ ಬರೆದಿದ್ದಾನೆ ಓದು" ಅಂದರು. ಓದಲಿಲ್ಲ. "ಚೆನ್ನಾಗಿದೆ ಅಂತೆ" ಅಂದೆ. "ಅಷ್ಟೇನಾ? ಎಳೆ ಸಪೂರ ಬಂದಿದೆ, ಮೂಲೆ ಕೂಡಿಲ್ಲ ಅಂತ ಹೇಳಲಿಲ್ವಾ?" ಅಂತ ಕೇಳಿದರು. ನಿಜಕ್ಕೂ ಒಂದು ಮೂಲೆ ಕೂಡಿರಲಿಲ್ಲ. ನೋಡಿದ ಮುನ್ನೂರು ಜನರಲ್ಲಿ ಒಬ್ಬರೂ ಹೇಳಿರಲಿಲ್ಲ.

ನನಗೆ ಬೇಜಾರಾಗಿದ್ದು ಆ ಕೆಟ್ಟ ಪದದಿಂದ ಅಲ್ಲ. ಅಂಗಡಿಯಿಂದ ತಂದ ತಲೆಬುರುಡೆ ಸ್ಟಿಕ್ಕರ್‌ಗೂ ಅದೇ ಪದ, ಇದಕ್ಕೂ ಅದೇ ಪದ. ವಿಕ್ಕಿ, ನಿನಗೆ ಹೇಳುತ್ತಿಲ್ಲ ಮಾರಾಯ.

ವಿನೋಬನಗರ ವಿಕ್ಕಿ · 7:52

ಅಕ್ಕ, ಆ ಕಮೆಂಟ್ ಹಾಕಿದ್ದು ನಾನಲ್ಲ. ದೇವರಾಣೆ.

ಬುರುಡೆ ಭಟ್ರು · 7:55

ಅಡಿಕೆ ತೋಟದ ಹಸಿರಲ್ಲಿ ಇಟ್ಟಿಗೆ ಕೆಂಪಿನ ಹಾಪರ್! ಅರ್ಧ ಮೈಲಿಯಿಂದ ಕಾಣುತ್ತದಲ್ಲ ತಂಗಿ?

ಸಾಗರದ ಚಿತ್ತಾರ · 8:03

ಕಾಣುತ್ತದೆ. ಮೊದಲ ಆಟದಲ್ಲಿ ನಲವತ್ತು ಸೆಕೆಂಡಿಗೆ ಔಟ್ ಆದೆ. ಹಾಪರ್‌ಗೆ ಬಿದ್ದರೂ ಔಟ್ ಅಲ್ವಾ. ಆರೆಂಜ್ ಬಣ್ಣ ಕೆಂಪಿನ ಮೇಲೆ ಬಿದ್ದು, ಬಿದ್ದಿದೆಯೋ ಇಲ್ಲವೋ ಅಂತ ಕಾಲು ಗಂಟೆ ಜಗಳ ಬೇರೆ. ಈಗ ಆಟಕ್ಕೆ ಹೋಗುವಾಗ ಅಪ್ಪನ ಹಳೇ ಕಂಬಳಿ ತುಂಡು ಸುತ್ತುತ್ತೇನೆ. ಚಿತ್ತಾರ ಫೋಟೋಗೆ, ಕಂಬಳಿ ಆಟಕ್ಕೆ.

ಲೇತ್ ಮೇಸ್ತ್ರಿ, ಭದ್ರಾವತಿ · ಮಂಗಳವಾರ ಮಧ್ಯಾಹ್ನ 1:15

ನಾನು ಆಡುವವನಲ್ಲ. ಮಗ ಆಡುತ್ತಾನೆ. ಅವನೇ ಇದನ್ನು ಓದಿ ಹೇಳಿದ. ನಂದು ಟರ್ನಿಂಗ್ ಕೆಲಸ, ಮೂವತ್ತಾರು ವರ್ಷ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು ನಮ್ಮದು. ಲೋಹದ ಕೆಲಸಕ್ಕೆ ಅದರದೇ ಮಾತಿದೆ. ಆ ಮಾತು ಬಿಟ್ಟು ಬೇರೆ ಏನು ಹೇಳಿದರೂ ನನ್ನ ಕೈ ಓಡುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ ಮಾರ್ಕರ್ ಬಾಡಿ ತಂದ. "ಅಂಕಲ್, ಇದನ್ನು ಕಿಲ್ಲರ್ ಮಾಡಿಕೊಡಿ" ಅಂದ. ಡ್ರಾಯಿಂಗ್ ಎಲ್ಲಪ್ಪ ಅಂದೆ. ಇಲ್ಲ. ಅಳತೆ? ಇಲ್ಲ. ಎಲ್ಲಿ ತೆಗೆಯಬೇಕು, ಎಷ್ಟು ತೆಗೆಯಬೇಕು? "ನೋಡಿದ ತಕ್ಷಣ ಹೆದರಬೇಕು." ಅಲ್ಲ ಸ್ವಾಮಿ, ಹೆದರಿಸುವುದಕ್ಕೆ ನನ್ನ ಮಿಲ್ಲಿಂಗ್ ಮಷೀನಿನಲ್ಲಿ ಯಾವ ಕಟರ್ ಹಾಕಲಿ?

ಆಮೇಲೆ ಕೂರಿಸಿ ಕೇಳಿದೆ. ಅವನಿಗೆ ಬೇಕಾಗಿದ್ದು ತೂಕ ಕಡಿಮೆ ಮಾಡುವುದು. ಸರಿ, ಅದು ಕೆಲಸ. ಆದರೆ ಅವನು ಬೆರಳಿಟ್ಟು ತೋರಿಸಿದ ಜಾಗ ವಾಲ್ವ್ ಇರುವ ಜಾಗ. ಅಲ್ಲಿ ಗ್ಯಾಸಿನ ಒತ್ತಡ ನಿಲ್ಲುತ್ತದೆ, 800 ಪಿಎಸ್‌ಐ ಆಸುಪಾಸು. ಕಾರಿನ ಟೈರಿಗೆ ಮೂವತ್ತು ಚಿಲ್ಲರೆ ಹಾಕುತ್ತೇವೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಅಲ್ಲಿ ಎರಡು ಮಿಲಿಮೀಟರ್ ತೆಗೆದಿದ್ದರೆ ಅವನ ಕಿಲ್ಲರ್ ಅವನನ್ನೇ ಕಿಲ್ ಮಾಡುತ್ತಿತ್ತು. ಮಾಡಲ್ಲ ಅಂತ ವಾಪಸ್ ಕಳಿಸಿದೆ. ಹಿಡಿ ಫ್ರೇಮಿನಲ್ಲಿ ಮಾತ್ರ ನಾಲ್ಕು ಕಡೆ ತೆಗೆದುಕೊಟ್ಟೆ.

ಇನ್ನೊಂದು "ಅನೋ". ಎಲ್ಲರೂ "ಅನೋ ಮಾಡ್ಸಿದ್ದೀನಿ" ಅನ್ನುತ್ತಾರೆ. ಆನೋಡೈಸಿಂಗ್ ಅಂದರೆ ಅಲ್ಯೂಮಿನಿಯಂ ತುಂಡನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಕರೆಂಟ್ ಕೊಡುವುದು. ಮೈ ಮೇಲೆ ಗಟ್ಟಿ ಪದರ ಬೆಳೆಯುತ್ತದೆ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು. ಆ ತೂತಿಗೆ ಬಣ್ಣ ಇಳಿಸಿ, ಕುದಿಯುವ ನೀರಲ್ಲಿ ಹಾಕಿದರೆ ತೂತು ಮುಚ್ಚಿಕೊಳ್ಳುತ್ತದೆ. ಬಣ್ಣ ಲೋಹದ ಮೈಯೇ ಆಗಿಬಿಡುತ್ತದೆ. ಮಗ ತೋರಿಸಿದ ಹತ್ತು ಫೋಟೋದಲ್ಲಿ ಏಳು ಬರೀ ಸ್ಪ್ರೇ ಪೇಂಟ್. ಮೂಲೆಯಲ್ಲಿ ಸಿಪ್ಪೆ ಏಳುತ್ತಿತ್ತು. ಮಾರುವವನು "ಅನೋ" ಅಂದು ಜಾಸ್ತಿ ದುಡ್ಡು ಕೇಳಿದರೆ, ಒಳಗಡೆ ಕಾಣದ ಜಾಗದಲ್ಲಿ ಉಗುರಿನಿಂದ ಕೆರೆದು ನೋಡಿ. ಸಿಪ್ಪೆ ಎದ್ದರೆ ಪೇಂಟು.

ಬ್ಯಾರೆಲ್‌ಗೆ ತೂತು ಹೊಡೆಸಿದವರು ಒಳಗಿನ ಬರ್ ತೆಗೆಸಿದ್ದೀರಾ ಅಂತ ಕೇಳಿಕೊಳ್ಳಿ. ತೂತಿನ ಬಾಯಲ್ಲಿ ಕೂದಲಿನಷ್ಟು ಲೋಹ ಉಳಿದರೂ ಗೋಲಿ ಸೀಳುತ್ತದೆ.

ಹೊಸನಗರದ ದೋಟಿ · 2:02

ಮೇಸ್ತ್ರಿಗಳೇ, ಇದನ್ನು ಹೇಳುವವರು ಬೇಕಾಗಿತ್ತು. ನನ್ನ ಹತ್ತಿರ ಒಂದು "ಅನೋ" ಹಿಡಿ ಇದೆ. ಈಗ ಹೋಗಿ ಕೆರೆದು ನೋಡಿದೆ. ಏನೂ ಕೇಳಬೇಡಿ.

ಕೊಪ್ಪದ ಕಾಫಿಗಿಡ · 2:30

ಎಲ್ಲ ಅಡ್ಡ ಮಾತನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಅಂತ ನನ್ನ ಮನವಿ. ಕೆಲವು ಹೊರಗಿಂದ ಬಂದರೂ ಕೆಲಸದ ಮಾತು. "ಚಾಪ್" ನೋಡಿ. ಗೋಲಿ ಪೂರ್ತಿ ಇಳಿಯುವ ಮುಂಚೆ, ಅದನ್ನು ಮುಂದಕ್ಕೆ ತಳ್ಳುವ ಬೋಲ್ಟ್ ಬಂದು ಅದನ್ನು ಕತ್ತರಿಸುವುದು. ಒಂದೇ ಪದಕ್ಕೆ ಏನಾಯಿತು, ಎಲ್ಲಾಯಿತು ಎರಡೂ ತಿಳಿಯಿತು. ಹಾಪರ್ ನಿಧಾನ ಇದೆ ಅಂತಲೂ ತಿಳಿಯಿತು. "ಬೌನ್ಸ್" ಅಂದರೆ ಬಿದ್ದೂ ಒಡೆಯದೇ ಹೋದದ್ದು, ಔಟ್ ಅಲ್ಲ. "ವೈಪ್" ಅಂದರೆ ಬಿದ್ದ ಬಣ್ಣ ಕದ್ದು ಒರೆಸುವ ಮೋಸ. ಇವೆಲ್ಲ ಇರಲಿ.

ಆಟೊಕಾಕರ್ ಅನ್ನುವ ಮಾರ್ಕರ್ ಇಟ್ಟುಕೊಂಡ ಹಳಬರ ಜೊತೆ ಒಮ್ಮೆ ಕೂತಿದ್ದೆ. ಅದರ ಮುಂದೆ ರ್ಯಾಮ್, ತ್ರೀವೇ, ಸಣ್ಣ ರೆಗ್ಯುಲೇಟರ್ ಎಲ್ಲ ಹೊರಗೇ ಕಾಣುತ್ತದೆ. ಒಂದೊಂದನ್ನೂ ಬದಲಾಯಿಸಬಹುದು, ಟೈಮಿಂಗ್ ಕೂರಿಸಬೇಕು. ಅವರು ಎರಡು ಗಂಟೆ ಬರೀ ಅದನ್ನೇ ಮಾತಾಡಿದರು. ಒಂದು ಸಲವೂ "ಬೀಸ್ಟ್" ಬರಲಿಲ್ಲ. ನನಗೆ ಅರ್ಧ ಅರ್ಥ ಆಗಲಿಲ್ಲ, ಆದರೆ ಬೇಜಾರೂ ಆಗಲಿಲ್ಲ.

ಸೀಟಿ ಮಾಮ · 3:10

ಕನ್ನಡದಲ್ಲಿ ಯಾರು ಹೇಳಿಕೊಟ್ಟಿದ್ದಾರೆ ಅಂತ ವಿಕ್ಕಿ ಕೇಳಿದ್ದನಲ್ಲ. ನಮ್ಮ ಮೈದಾನದ ಹುಡುಗರು ಯಾರೂ ಹೇಳಿಕೊಡದೆ ತಾವೇ ಹೆಸರಿಟ್ಟುಕೊಂಡಿದ್ದಾರೆ. ಎಲ್ಲ ಸುತ್ತಮುತ್ತ ಹಳ್ಳಿಯವರು.

ಹಾಪರ್‌ಗೆ ಅವರು "ಬುರುಡೆ" ಅನ್ನುತ್ತಾರೆ. ಸೋರೆ ಬುರುಡೆ ಥರ ಇದೆಯಲ್ಲ, ಅದಕ್ಕೆ. ಒಳಗೆ ಗೋಲಿ ಒಡೆದು ಎಲ್ಲ ಕಲಸಿಹೋದರೆ "ಚಟ್ನಿ ಆಯ್ತು". ಬ್ಯಾರೆಲ್ ಒರೆಸುವ ಕೋಲಿಗೆ "ಒರಸುಗೋಲು". ನನಗೆ ತುಂಬ ಇಷ್ಟ ಆಗಿದ್ದು ಬ್ಯಾರೆಲ್ ಬಾಯಿಗೆ ಹಾಕುವ ಚೀಲ. ಆಟ ಮುಗಿದ ಮೇಲೆ, ಅಪ್ಪಿತಪ್ಪಿ ಟ್ರಿಗರ್ ಒತ್ತಿದರೂ ಯಾರಿಗೂ ತಾಗಬಾರದು ಅಂತ ಹಾಕುವುದು. ಅದಕ್ಕೆ ಅವರು ಇಟ್ಟ ಹೆಸರು "ಬಾಯಿಕುಕ್ಕೆ". ಗದ್ದೆಯಲ್ಲಿ ಎತ್ತು ಪೈರಿಗೆ ಬಾಯಿ ಹಾಕದ ಹಾಗೆ ಕಟ್ಟುತ್ತೇವಲ್ಲ, ಅದೇ. "ಬ್ಯಾರೆಲ್ ಸಾಕ್ ಹಾಕಿ" ಅಂತ ನಾನು ಹತ್ತು ಸಲ ಕೂಗಿದರೂ ಹೊಸಬರು ಸುಮ್ನೆ ನೋಡುತ್ತಾ ನಿಲ್ಲುತ್ತಿದ್ದರು. "ಕುಕ್ಕೆ ಹಾಕ್ರೋ" ಅಂದರೆ ತಕ್ಷಣ ಕೈ ಹೋಗುತ್ತದೆ.

ಬುರುಡೆ ಭಟ್ರು · 3:14

ನನ್ನ ಹೆಸರು ಮೈದಾನದಲ್ಲಿ ಹೀಗೆ ಬೆಳಗುತ್ತಿದೆ ಅಂತ ಗೊತ್ತಿರಲಿಲ್ಲ. "ಭಟ್ರ ಬುರುಡೆ ಖಾಲಿ" ಅಂತ ಮೊನ್ನೆ ಯಾರೋ ಕೂಗಿದ್ದು ಇದಕ್ಕಾ?

ಸೀಟಿ ಮಾಮ · 3:15

ಅದು ಬೇರೆ ಬುರುಡೆ ಭಟ್ರೇ.

ಕಟ್ಟೆ ಮಾಲಿ · 4:00

ನಿರ್ವಾಹಕನ ಮಾತು. ವಿಕ್ಕಿಯನ್ನು ಕೆಣಕುವ ಎರಡು ಪೋಸ್ಟ್ ತೆಗೆದಿದ್ದೇನೆ. ಒಂದು ಜಾತಿ ಹಿಡಿದು ಬರೆದದ್ದು, ಅವರನ್ನು ಹೊರಗೆ ಹಾಕಿದ್ದೇನೆ. ಮಾತು ಮುಂದುವರಿಯಲಿ.

ವಿನೋಬನಗರ ವಿಕ್ಕಿ · ಮಂಗಳವಾರ ರಾತ್ರಿ 8:45

ಸರಿ. ಬೈದಿದ್ದು ಸಾಕು, ಈಗ ಸಹಾಯ ಮಾಡಿ. ಏನು ಮಾಡಿಸಿದ್ದೀಯ ಅಂದಿರಲ್ಲ, ಬರೆಯುತ್ತೇನೆ.

ಟಿಪ್‌ಮನ್ 98 ಕಸ್ಟಮ್, ಸೆಕೆಂಡ್ ಹ್ಯಾಂಡ್. ಕಸ್ಟಮ್ ಅನ್ನುವುದು ಮಾಡೆಲ್ ಹೆಸರು ಅಂತ ಭಾನುವಾರ ಗೊತ್ತಾಯಿತು. ಬ್ಯಾರೆಲ್ 14 ಇಂಚು, ಆನ್‌ಲೈನಲ್ಲಿ ತರಿಸಿದ್ದು. ಮಾರಿದವನು "ಸ್ನೈಪರ್ ಗ್ರೇಡ್" ಅಂದಿದ್ದ. ಹಿಡಿಗೆ ಶಟಲ್ ಟೇಪು. ಗೋಲಿ ತಳ್ಳುವ ಗ್ಯಾಸಿಗೆ ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರ್. ಸ್ಟಿಕ್ಕರ್ ಎರಡು. ಇಷ್ಟೇ.

ಸಮಸ್ಯೆ ಏನು ಅಂದರೆ, ಬ್ಯಾರೆಲ್ ಉದ್ದ ಆದಮೇಲೂ ಗುರಿ ಮೊದಲಿಗಿಂತ ಕೆಟ್ಟಿದೆ. ಬೆಳಿಗ್ಗೆ ಒಂದು ಥರ ಹೊಡೆಯುತ್ತದೆ, ಮಧ್ಯಾಹ್ನ ಇನ್ನೊಂದು ಥರ. ಭಾನುವಾರ ಇದನ್ನು ಕೇಳಬೇಕು ಅಂತಲೇ ಬಂದಿದ್ದೆ. ಎಲ್ಲರೂ ನಕ್ಕ ಮೇಲೆ ಕೇಳಲಿಲ್ಲ.

ಹೊಸನಗರದ ದೋಟಿ · 9:05

ಅಯ್ಯೋ ಮಾರಾಯ. ಅವತ್ತೇ ಹೀಗೆ ಹೇಳಿದ್ದರೆ ಅಲ್ಲೇ ಕೂತು ನೋಡಬಹುದಿತ್ತು. ನಗದೇ ಇದ್ದಿದ್ದರೂ ನೋಡಬಹುದಿತ್ತು ಬಿಡು. ತಪ್ಪು ನಮ್ಮದೂ ಇದೆ.

ಮೊದಲು ಬ್ಯಾರೆಲ್. ಉದ್ದಕ್ಕೂ ಗುರಿಗೂ ಅಂಥ ಸಂಬಂಧ ಇಲ್ಲ. ಒಳಗಿನ ಅಗಲ ನೋಡು. ಗೋಲಿಯನ್ನು 0.68 ಇಂಚು ಅನ್ನುತ್ತೇವೆ, ಮಿಲಿಮೀಟರ್ ಲೆಕ್ಕದಲ್ಲಿ 17.3. ಆದರೆ ಎಲ್ಲ ಗೋಲಿಯೂ ಸರಿಯಾಗಿ ಅಷ್ಟೇ ಇರುವುದಿಲ್ಲ, ಎಲ್ಲ ಬ್ಯಾರೆಲ್ಲೂ ಒಂದೇ ಅಗಲ ಇರುವುದಿಲ್ಲ. ಹೀಗೆ ಮಾಡು. ಬ್ಯಾರೆಲ್ ಬಿಚ್ಚಿ, ಮಾರ್ಕರ್‌ಗೆ ತಿರುಗಿಸುವ ಕಡೆಯಿಂದ ಒಂದು ಗೋಲಿ ಹಾಕು. ಸುಮ್ನೆ ಉರುಳಿ ಆಚೆ ಬಿದ್ದರೆ ಬ್ಯಾರೆಲ್ ಸಡಿಲ. ಒತ್ತಿದರೂ ಹೋಗದಿದ್ದರೆ ಬಿಗಿ. ಅಲ್ಲೇ ನಿಂತು, ಒಲೆಗೆ ಊದುಗೊಳವೆಯಲ್ಲಿ ಊದಿದ ಹಾಗೆ ಒಮ್ಮೆ ಊದಿದಾಗ ಹೋಗಬೇಕು. ಅದು ಸರಿ ಜೋಡಿ.

ವಿನೋಬನಗರ ವಿಕ್ಕಿ · 9:19

ಹಾಕಿದ ತಕ್ಷಣ ಉರುಳಿ ಮಂಚದ ಅಡಿಗೆ ಹೋಯಿತು ಅಣ್ಣ.

ಹೊಸನಗರದ ದೋಟಿ · 9:21

ಅಷ್ಟೇ ನಿನ್ನ ಸ್ನೈಪರ್ ಗ್ರೇಡು. ಗ್ಯಾಸು ಗೋಲಿಯ ಪಕ್ಕದಿಂದ ಸೋರುತ್ತಿದೆ. ಹಳೇ ಬ್ಯಾರೆಲ್ ಇದ್ದರೆ ಅದನ್ನೇ ಹಾಕು. ಇದನ್ನು ಮಳೆಗಾಲಕ್ಕೆ ಇಟ್ಟುಕೋ, ಗೋಲಿ ಊದಿಕೊಂಡಾಗ ಸರಿ ಹೋಗಬಹುದು.

ಕೊಪ್ಪದ ಕಾಫಿಗಿಡ · 9:40

ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅನ್ನುವುದು ಸಿಒಟು ಸಮಸ್ಯೆ. ಸಿಲಿಂಡರ್ ಒಳಗೆ ಅದು ದ್ರವ. ಆವಿಯಾಗಿ ಒತ್ತಡ ಕೊಡುತ್ತದೆ. ಎಷ್ಟು ಒತ್ತಡ ಅನ್ನುವುದು ಚಳಿ, ಸೆಕೆ ನೋಡಿಕೊಂಡು. 21 ಡಿಗ್ರಿ ಇದ್ದರೆ 850 ಪಿಎಸ್‌ಐ ಹತ್ತಿರ. ನಮ್ಮ ಕೊಪ್ಪದ ಡಿಸೆಂಬರ್ ಬೆಳಿಗ್ಗೆ 10 ಡಿಗ್ರಿಗೆ ಇಳಿದರೆ 650. ಬಿಸಿಲು ಏರಿದ ಹಾಗೆ ಗೋಲಿಯ ವೇಗವೂ ಏರುತ್ತದೆ. ಬೆಳಿಗ್ಗೆ ಕ್ರೋನೋ ಪಾಸಾದ ಮಾರ್ಕರ್ ಮಧ್ಯಾಹ್ನ ನಿಜವಾದ ಅರ್ಥದಲ್ಲಿ "ಹಾಟ್" ಆಗಿರಬಹುದು. ಸೀಟಿ ಮಾಮನ ಹತ್ತಿರ ಊಟದ ನಂತರ ಮತ್ತೆ ಅಳೆಸಿ.

ಒಂದೇ ಸಮ ಹೊಡೆಯುತ್ತಾ ಹೋದರೆ ಇನ್ನೊಂದು ತಾಪತ್ರಯ. ಸಿಲಿಂಡರ್ ತಣ್ಣಗಾಗಿ ದ್ರವವೇ ಒಳಗೆ ನುಗ್ಗುತ್ತದೆ. ಮೂತಿಯಿಂದ ಬಿಳಿ ಹೊಗೆ ಬಂದರೆ ಅದೇ. ದುಡ್ಡು ಹಾಕುವುದಾದರೆ ಸ್ಟಿಕ್ಕರ್‌ಗಲ್ಲ, ಗಾಳಿ ಸಿಲಿಂಡರ್‌ಗೆ ಹಾಕು. ಅದರಲ್ಲಿ ರೆಗ್ಯುಲೇಟರ್ ಇರುತ್ತದೆ, ಒತ್ತಡ ಒಂದೇ ಸಮ ಬರುತ್ತದೆ. ತುಂಬಿಸಿಕೊಳ್ಳುವುದಕ್ಕೆ ಎಲ್ಲಿ ಸಿಗುತ್ತದೆ ಅಂತ ಮೊದಲು ನೋಡಿಕೋ. ಊರ ಟೈರ್ ಅಂಗಡಿಯ ಗಾಳಿ ಇದಕ್ಕೆ ಸಾಕಾಗುವುದಿಲ್ಲ. 3,000 ಪಿಎಸ್‌ಐ ಬೇಕು.

ಲೇತ್ ಮೇಸ್ತ್ರಿ, ಭದ್ರಾವತಿ · 10:10

ವಿಕ್ಕಿ, ಹೊಸ ಬ್ಯಾರೆಲ್ ಬಿಸಾಡಬೇಡ. ಒಳಗೆ ಸ್ಲೀವ್, ಅಂದರೆ ತೆಳು ಕೊಳವೆ, ಹಾಕಬಹುದಾ ನೋಡುತ್ತೇನೆ. ಹಳೇ ಬ್ಯಾರೆಲ್ಲೂ ತಾ, ಹತ್ತು ಗೋಲಿಯೂ ತಾ. ವರ್ನಿಯರ್ ಹಿಡಿದು ಅಳೆದು ಹೇಳುತ್ತೇನೆ. ಶನಿವಾರ ಮಧ್ಯಾಹ್ನದ ಮೇಲೆ ಬಾ. ಏನು ಬೇಕು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡು ಬಾ.

ವಿನೋಬನಗರ ವಿಕ್ಕಿ · 10:14

ಬರುತ್ತೇನೆ ಅಂಕಲ್. ಚಿತ್ತಾರ ಅಕ್ಕ, ನನ್ನ ಬುರುಡೆಗೂ ಒಂದು ಬರೆದುಕೊಡುತ್ತೀರಾ? ದುಡ್ಡು ಕೊಡುತ್ತೇನೆ.

ಸಾಗರದ ಚಿತ್ತಾರ · 10:31

ಹನ್ನೊಂದು ಸಂಜೆ ವಿಕ್ಕಿ. ದುಡ್ಡಿನ ಲೆಕ್ಕ ಆಮೇಲೆ. ಮೊದಲು ಸ್ಟಿಕ್ಕರ್ ಕಿತ್ತು, ಸೀಮೆಎಣ್ಣೆಯಲ್ಲಿ ಅಂಟು ಒರೆಸಿ, ಸೋಪು ಹಾಕಿ ತೊಳೆದು ತಾ. ಮೂಲೆ ಕೂಡಿದೆಯೋ ಇಲ್ಲವೋ ಅಂತ ಅಜ್ಜಿ ನೋಡಿದ ಮೇಲೇ ಕೊಡುವುದು.

ಉಂಬಳ · 10:40

ಮುಂದಿನ ಭಾನುವಾರ ಎಲ್ಲಿ? ನಾನು ಹಪ್ಪಳದ ಡಬ್ಬ ತರುತ್ತೇನೆ. ಈ ಸಲ ನಿಜವಾದ ಹಪ್ಪಳದ್ದೂ ಒಂದು.

ಸ್ಪೀಡ್ ಶಿಕಾರಿಪುರ · ಬುಧವಾರ ಬೆಳಿಗ್ಗೆ 6:58

ಹಾಯ್ ಫ್ರೆಂಡ್ಸ್, ಗ್ರೂಪಿಗೆ ಹೊಸಬ. ಪೇಂಟ್‌ಬಾಲ್ ಗನ್ ಮಾರಾಟಕ್ಕಿದೆ. ಫುಲ್ ಪಿಂಪ್ಡ್, ಸಿಕ್ ಕಂಡಿಷನ್, ಬೀಸ್ಟ್ ಮೋಡ್. ಬೇಕಾದವರು ಹೇಳಿ.

ವಿನೋಬನಗರ ವಿಕ್ಕಿ · 7:03

ಏನೇನು ಮಾಡಿಸಿದ್ದೀರಿ ಬ್ರೋ? ಬ್ಯಾರೆಲ್ ಒಳಗಿನ ಅಗಲ ಎಷ್ಟು?

ಸ್ಪೀಡ್ ಶಿಕಾರಿಪುರ · 7:05

ಇನ್‌ಬಾಕ್ಸ್ ಬನ್ನಿ ಬ್ರೋ.